ಗಾಲ್ಫ್ ಟೂರ್ ಬಿಟ್ಟು ಕೋಚ್ ಆದವರು ಯಾರಾದ್ರೂ ಇದ್ದೀರಾ?

ಕೇಳಿದವರು, ಪುಣೆ: ತಮ್ಮನಿಗೆ 32. ಏಳು ವರ್ಷದಿಂದ ಪಿಜಿಟಿಐ, ಅಂದ್ರೆ ದೇಶದ ವೃತ್ತಿಪರ ಗಾಲ್ಫ್ ಸಂಸ್ಥೆ, ನಡೆಸೋ ಟೂರ್ನಲ್ಲಿ ಗಾಲ್ಫ್ ಆಡ್ತಿದ್ದಾನೆ. ಎರಡು ದಿನ ಆಡಿ ಕಟ್ ತಪ್ಪಿದ್ರೆ, ಅಂದ್ರೆ ಮುಂದಿನ ಸುತ್ತಿಗೆ ಉಳಿಯದಿದ್ರೆ, ಕೈಗೇನೂ ಬರಲ್ಲ. ರೈಲು, ರೂಮು, ಬ್ಯಾಗ್ ಹೊರೋ ಕ್ಯಾಡಿ ಖರ್ಚೆಲ್ಲ ಮನೆಯಿಂದಲೇ. ಕೋಚ್ ಆಗಲಾ, ಕ್ಲಬ್ಬಿನ ಆಡಳಿತಕ್ಕೆ ಸೇರಲಾ ಅಂತಾನೆ. ಏನು ಹೇಳಲಿ?

ಚೆಂಬೂರಿನಿಂದ: ನಾನು ಅದೇ ದಾರಿಯವ ಮಾರಾಯ್ರೇ. ಹದಿನಾಲ್ಕು ವರ್ಷ ಕಲಿಸಿದೆ, ಈಗ ಐದು ವರ್ಷದಿಂದ ಒಂದು ಕ್ಲಬ್ಬಿನ ಆಫೀಸಿನಲ್ಲಿದ್ದೇನೆ. ಆಡ್ಲಿಕ್ಕೆ ಬಂದವನಿಗೆ ಕಲಿಸ್ಲಿಕ್ಕೂ ಬರ್ತದೆ ಅಂತ ನಂಬಿದ್ದೆ. ಮೊದಲ ವಾರವೇ ಹತ್ತು ವರ್ಷದ ಹುಡುಗನೊಬ್ಬ ಬಂದ. ಹೊಡೆದ ಚೆಂಡೆಲ್ಲ ಬಲಕ್ಕೆ ತಿರುಗ್ತಿತ್ತು. ನಾನು ಸೊಂಟ, ಭುಜ, ಮಣಿಕಟ್ಟು ಅಂತ ಅರ್ಧ ಗಂಟೆ ಕೊರೆದೆ; ಹುಡುಗ ಮರದ ಗೊಂಬೆ ಹಾಗೆ ಸೆಟೆದು ನಿಂತ. ಪಕ್ಕದ ಹಿರಿಯ ಕೋಚ್ ಬಂದವರೇ ಅವನ ಎಡಗೈಯನ್ನು ಗ್ರಿಪ್ಪಿನ ಮೇಲೆ ತುಸು ಬಲಕ್ಕೆ ಹೊರಳಿಸಿ, "ಈಗ ಹೊಡಿ" ಅಂದ್ರು. ಅಷ್ಟೇ. ನಾಲ್ಕನೇ ಚೆಂಡು ನೆಟ್ಟಗೆ ಹೋಯ್ತು.

ಹಾಗಾಗಿ ನಿಮ್ಮ ತಮ್ಮ ಮೊದಲು ಆರು ತಿಂಗಳು ಅಂಥವರ ಪಕ್ಕ ನಿಂತು ನೋಡಲಿ. ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾದ ಕೋಚಿಂಗ್ ಕೋರ್ಸನ್ನೂ ಮಾಡಲಿ.

ಆಫೀಸಿನದ್ದು ಬೇರೆಯೇ ಕಥೆ. ಭಾನುವಾರದ ಟೀ ಟೈಮಿಗೆ, ಅಂದ್ರೆ ಆಟ ಶುರು ಮಾಡುವ ಸರದಿಗೆ, ಜಗಳ, ಕ್ಯಾಡಿಗಳ ಕೂಲಿ, ಜುಲೈ ಮಳೆಗೆ ಬಂಕರಿನ ಮರಳುಗುಂಡಿಯಲ್ಲಿ ನಿಂತ ನೀರು. ಪಂಪಿನ ಟೆಂಡರ್ ಓದ್ಲಿಕ್ಕೂ ನಾನು ಅಕೌಂಟ್ಸಿನ ಹುಡುಗಿಯ ಹತ್ತಿರ ಕೂತು ಕಲಿತೆ.

ಯೆರವಡಾದಿಂದ, ಮೂಲ ವಿಜಯಪುರ: ಒಂದ್ ಮಾತು ಸೇರಸ್ತೀನ್ರಿ. ರೊಕ್ಕಾ ತಗೊಂಡು ಕಲಿಸೋರು ಹವ್ಯಾಸಿ ಅಂತ ಟೂರ್ನಮೆಂಟ್ ಆಡಾಕ ಬರಂಗಿಲ್ಲ. ಆ ಸ್ಟೇಟಸ್ ವಾಪಸ್ ಬೇಕಂದ್ರ ಅರ್ಜಿ ಹಾಕಿ ಕಾಯಬೇಕು. ಮತ್ತ, ನಮ್ಮ ಪುಣೆದಾಗ ಹುಟ್ಟಿದ ಗಾಲ್ಫರ್ ಅನಿರ್ಬಾನ್ ಲಾಹಿರಿ 2015ರಾಗ ಇಂಡಿಯನ್ ಓಪನ್ ಗೆದ್ದದ್ದು ಊರಿಗೆಲ್ಲ ಗೊತ್ತು. ಅವರ ಕೋಚ್ ವಿಜಯ್ ದಿವೇಚಾ ಹೆಸರು ಎಷ್ಟ್ ಮಂದಿಗೆ ಗೊತ್ತೈತಿ? ತೆರೆಮರಿ ಕೆಲಸ ತಮ್ಮಗ ಒಗ್ಗತೈತೇನ್ ಕೇಳ್ರಿ.

ಠಾಣೆಯಿಂದ: 2024ರಲ್ಲಿ ಪಿಜಿಟಿಐ ಅಧ್ಯಕ್ಷರಾದವರು ಕ್ರಿಕೆಟ್ಟಿನ ಕಪಿಲ್ ದೇವ್! ಚೆನ್ನಾಗಿ ಗಾಲ್ಫ್ ಆಡ್ತೇನೆ ಅಂತ ಕುರ್ಚಿ ಸಿಗುತ್ತೆ ಅಂದುಕೊಳ್ಳೋದು ಬೇಡ.

ಕೇಳಿದವರು: ತಮ್ಮನಿಗೆ ಓದಿ ಹೇಳಿದೆ. ಗೊಂಬೆ ಹುಡುಗನ ಕಥೆಗೆ ನಕ್ಕ. ಮಂಗಳವಾರದಿಂದ ಅಭ್ಯಾಸದ ರೇಂಜಿಗೆ ಹೋಗಿ ನಿಲ್ತಾನಂತೆ, ಕೈಯಲ್ಲಿ ಗಾಲ್ಫ್ ಕೋಲಿಲ್ಲದೆ.