ಬೆರಳಚ್ಚಿನಾಗ ಎಂಟು ಬುದ್ಧಿ? ಡಿ.ಇಡಿ ಗೆಳೆಯರ ಗುಂಪಿನ ಚರ್ಚೆ

ಸಿಂಧನೂರು ಮೇಡಂ: (ಫಾರ್ವರ್ಡ್ ಆದ ಚಿತ್ರ: "ನಿಮ್ಮ ಮಗುವಿನ ಹತ್ತು ಬೆರಳಲ್ಲಿ ಎಂಟು ಬುದ್ಧಿ! ಬೆರಳಚ್ಚು ಕೊಡಿ, ಯಾವ ಕೋರ್ಸ್ ಸೂಕ್ತ ಎಂದು ಇಂದೇ ತಿಳಿಯಿರಿ")
ಶಾಲಿಗೇ ಬಂದು ಮಾಡಿಕೊಡ್ತೀವಿ ಅಂತಾರ. ಪಾಲಕರೂ ಕೇಳಾಕತ್ಯಾರ. ಮನೋವಿಜ್ಞಾನಿ ಗಾರ್ಡ್ನರ್ ಮನುಷ್ಯಾಗ ಎಂಟು ಬಗಿ ಬುದ್ಧಿ ಅಂದಿದ್ದು ನಾವೆಲ್ಲ ಓದೀವಲ್ಲ. ಇದನ್ನ ಮಾಡಿಸಿದ್ರ ಮಕ್ಕಳನ್ನ ಗುಂಪು ಮಾಡಿ ಕಲಿಸಾಕ ಅನುಕೂಲ ಆಗ್ತದ. ಏನಂತೀರಿ?

ಕುಷ್ಟಗಿ ಸರ್: ಬ್ಯಾಡ್ರಿ ಮೇಡಂ. ಗಾರ್ಡ್ನರ್ ಹೆಸರು ಬಳಸ್ಯಾರ ಅಷ್ಟ. ಅವರ ಸಿದ್ಧಾಂತಕ್ಕೂ ಬೆರಳಚ್ಚಿಗೂ ಸಂಬಂಧ ಇಲ್ಲ. 1983ರಾಗ ಅವರು ಹೇಳಿದ್ದು ಏಳು: ಭಾಷೆ, ತರ್ಕ-ಗಣಿತ, ಆಕಾರ-ದಿಕ್ಕಿನ ಅರಿವು, ಸಂಗೀತ, ದೇಹದ ಹಿಡಿತ, ಇನ್ನೊಬ್ಬರನ್ನ ಅರಿಯೋದು, ತನ್ನನ್ನ ಅರಿಯೋದು. ಗಿಡ-ಪ್ರಾಣಿ ಗುರುತಿಸೋ ನಿಸರ್ಗದ ಬುದ್ಧಿ ಆಮ್ಯಾಲೆ ಸೇರಿದ್ದು. ಒಂದು ಸಾಮರ್ಥ್ಯನ ಬುದ್ಧಿ ಅಂತ ಎಣಿಸಾಕ 8 ಒರೆಗಲ್ಲು ಇಟ್ಟಿದ್ರು. ಮೆದುಳಿಗೆ ಪೆಟ್ಟಾದಾಗ ಅದೊಂದೇ ಕೆಡಬಹುದಾ, ಅದೊಂದರಾಗೇ ಅಸಾಧಾರಣ ಮಕ್ಕಳು ಕಾಣ್ತಾರಾ, ಹಿಂಗ.
ಬೆರಳಿನ ಗೆರೆ ಮೂಡೋದು ಗರ್ಭದಾಗ, ಸುಮಾರು 10ರಿಂದ 17ನೇ ವಾರದೊಳಗ. ಮೂಡಿದ ಮ್ಯಾಲೆ ಬದಲಾಗಂಗಿಲ್ಲ. ಓದು, ಲೆಕ್ಕ, ತಾಳ ಎಲ್ಲಾ ಹುಟ್ಟಿದ ಮ್ಯಾಲೆ ಕಲಿಯೋವು.

ಮಾನ್ವಿ ಮೇಡಂ: ಅವರ ವರದಿ ಸೈತ ನೋಡ್ರಿ ಒಮ್ಮೆ. "ಸೃಜನಶೀಲ, ಆದರೆ ಏಕಾಗ್ರತೆ ಬೇಕು" ಅಂತ ಇರ್ತದ. ಯಾವ ಮಗುವಿಗೆ ಹೊಂದಂಗಿಲ್ಲ ಇದು? ಹತ್ತು ವರದಿಯ ಹೆಸರು ಮುಚ್ಚಿ ಪಾಲಕರ ಮುಂದಿಡ್ರಿ, ತಮ್ಮ ಮಗುವಿಂದು ಯಾವುದು ಅಂತ ಆರಿಸಲಿ. ರೊಕ್ಕ ಕೊಡೋಕಿಂತ ಮೊದಲು ಮಾಡಬೇಕಾದ ಪರೀಕ್ಷೆ ಇದು.

ಸಿರುಗುಪ್ಪ ಸರ್: ಗಾರ್ಡ್ನರ್ ಹೇಳಿದ್ದನ್ನೂ ಹಂಗೇ ಒಪ್ಪಬೇಕಾಗಿಲ್ಲ. 1904ರಲ್ಲೇ ಮನೋವಿಜ್ಞಾನಿ ಸ್ಪಿಯರ್‌ಮನ್ ತೋರಿಸಿದ್ದು ಐತೆ: ಬೇರೆ ಬೇರೆ ವಿಷಯದ ಅಂಕಗಳು ಒಂದಕ್ಕೊಂದು ಜೊತೆಯಾಗಿ ಏರಿಳಿತವೆ. ಪೂರ್ತಿ ಅಲ್ಲ, ಆದ್ರೆ ಜೊತೆಯಾಗಿ. ಎಂಟು ಬುದ್ಧಿ ಎಂಟು ಬೇರೆ ಡಬ್ಬಿ ಅನ್ನೋದಕ್ಕೆ ಇದು ಅಡ್ಡ ಬರುತ್ತೆ. "ಲೆಕ್ಕ ಬರದಿದ್ರೇನು, ದೇವರು ಹಾಡು ಕೊಟ್ಟಿರ್ತಾನೆ" ಅಂತ ಪಾಲಕರಿಗೆ ಹೇಳಿ ಕಳಿಸೋದು ಸಮಾಧಾನದ ಮಾತು. ಆ ಮಗುವಿಗೆ ಲೆಕ್ಕ ಕಲಿಸೋ ಕೆಲಸ ಹಂಗೇ ಉಳೀತದೆ.

ಸಿಂಧನೂರು ಮೇಡಂ: ಹಂಗಾದ್ರ ಮಕ್ಕಳೆಲ್ಲ ಒಂದೇ ಅಂತೀರೇನು? ಕಿನ್ನಾಳದಾಗ ಗೊಂಬಿ ಮಾಡೋ ಮನಿ ಹುಡುಗಗ ಬಣ್ಣದ ಮ್ಯಾಲೆ, ಆಕಾರದ ಮ್ಯಾಲೆ ಕಣ್ಣು ಇರ್ತದ. ಬಯಲಾಟದ ಮನಿ ಹುಡುಗಿಗೆ ಒಮ್ಮೆ ಕೇಳಿದ್ರ ಪದ ಬಾಯಿಗೆ ಬರ್ತದ. ಬೆರಳಚ್ಚು ಬಿಡ್ರಿ. ನೋಡಿ ಕಲಿಯೋರಿಗೆ ಚಿತ್ರ, ಕೇಳಿ ಕಲಿಯೋರಿಗೆ ಮಾತು ಅಂತ ನಾವೇ ಬ್ಯಾರೆ ಮಾಡಬೇಕಲ್ಲ?

ಕುಷ್ಟಗಿ ಸರ್: ಕಣ್ಣು ಇರೋದು ಖರೆ. ಆದ್ರ ಅವಗ ಸಂಧಿ-ಸಮಾಸನೂ ಚಿತ್ರದಾಗೇ ಹತ್ತತೈತಿ ಅನ್ನೋದು ಬ್ಯಾರೆ ಮಾತು. ಅದನ್ನ ಸಿದ್ಧ ಮಾಡಬೇಕಂದ್ರ ಹಿಂಗ ಮಾಡಬೇಕು: "ನೋಡಿ ಕಲಿಯೋರ"ಲ್ಲಿ ಅರ್ಧ ಮಂದಿಗೆ ಚಿತ್ರ, ಅರ್ಧ ಮಂದಿಗೆ ಮಾತು. "ಕೇಳಿ ಕಲಿಯೋರಿ"ಗೂ ಹಂಗ. ಕೊನಿಗೆ ಎಲ್ಲಾರಿಗೂ ಒಂದೇ ಪರೀಕ್ಷೆ. ಮೊದಲ ಗುಂಪು ಚಿತ್ರದಾಗ, ಎರಡನೇದು ಮಾತಿನಾಗ ಹೆಚ್ಚು ತಗೀಬೇಕು. 2008ರಾಗ ಮನೋವಿಜ್ಞಾನಿ ಪ್ಯಾಶ್ಲರ್ ಮತ್ತೆ ಮೂವರು ಇಂಥ ಅಧ್ಯಯನ ಹುಡುಕಿದ್ರು. ಈ ಕ್ರಮದಾಗ ಮಾಡಿದ್ದೇ ಕಡಿಮಿ, ಅದರಾಗೂ ಕೆಲವು ತದ್ವಿರುದ್ಧ ಬಂದಿದ್ವು. ಗಾರ್ಡ್ನರ್ ಅವರೇ 2013ರಾಗ ಬರದ್ರು, ತನ್ನ ಸಿದ್ಧಾಂತ ಬ್ಯಾರೆ, ಈ ನೋಡಿ ಕಲಿಯೋರು-ಕೇಳಿ ಕಲಿಯೋರು ಅನ್ನೋ ಕಲಿಕಾ ಶೈಲಿ ಬ್ಯಾರೆ ಅಂತ.

ಮಾನ್ವಿ ಮೇಡಂ: ಚಿತ್ರ ಬೇಕೋ ಮಾತು ಬೇಕೋ ಅನ್ನೋದನ್ನ ಪಾಠ ಹೇಳ್ತದ, ಮಗು ಅಲ್ಲ. ಕೃಷ್ಣಾ ಉತ್ತರಕ್ಕ, ತುಂಗಭದ್ರಾ ದಕ್ಷಿಣಕ್ಕ, ನಡುವ ರಾಯಚೂರು. ಇದಕ್ಕ ನಕ್ಷೆನೇ ಬೇಕು, ಹಾಡಿದ್ರ ದಿಕ್ಕು ತಿಳಿಯಂಗಿಲ್ಲ. ಹುಲಿ-ಹುಳಿ, ಕಲೆ-ಕಳೆ ಕಲಿಸಾಕ ಕಿವಿನೇ ಬೇಕು. ಕಿನ್ನಾಳದ ಹುಡುಗನೂ ಅದನ್ನ ಕೇಳೇ ಕಲಿಯಬೇಕು.

ಸಿಂಧನೂರು ಮೇಡಂ: ಭಿನ್ನರಾಶಿಗೆ? ಅಲ್ಲೇ ಸಿಕ್ಕೊಳ್ತಾರ ನಮ್ಮ ಮಕ್ಕಳು. ರೊಟ್ಟಿ ಹರಿದು ತೋರಿಸಿದ್ರೂ ½ + ⅓ = 2/5 ಅಂತ ಬರೀತಾರ.

ಸಿರುಗುಪ್ಪ ಸರ್: ರೊಟ್ಟಿಯಲ್ಲೇ ತೊಂದರೆ ಐತೆ. ದುಂಡಗಿರೋದನ್ನ ಸಮ ಮೂರು ಪಾಲು ಮಾಡೋಕೆ ದೊಡ್ಡವರಿಗೇ ಕಷ್ಟ, ಮತ್ತೆ ಒಂದು ರೊಟ್ಟಿಯಿದ್ದಂಗೆ ಇನ್ನೊಂದು ಇರಲ್ಲ. ಭಿನ್ನರಾಶಿ ಅಂದ್ರೆ ತುಂಡು ಅಂತ ಕೂತುಬಿಟ್ರೆ 3/2 ಅನ್ನೋದೇ ಇಲ್ಲ ಅಂತಾರೆ. ಕಾಗದದ ಪಟ್ಟಿ ಮಾಡಿ.
ಎ4 ಹಾಳೆಯಿಂದ 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಪಟ್ಟಿ. ಒಂದು ಹಾಳೆಗೆ ಏಳು ಬರ್ತವೆ. ಇಬ್ಬರಿಗೆ ನಾಲ್ಕು ಸಾಕು. 24 ಯಾಕಂದ್ರೆ 2, 3, 4, 6, 8, 12 ಎಲ್ಲದಕ್ಕೂ ಭಾಗ ಹೋಗುತ್ತೆ.
ಮೊದಲನೇದು ಮಡಿಚಿ ಅರ್ಧ, 12 ಸೆಂ.ಮೀ. ಎರಡನೇದಕ್ಕೆ ಅಳತೆಪಟ್ಟಿ ಇಟ್ಟು 8 ಮತ್ತು 16ರಲ್ಲಿ ಗೆರೆ. ಮೂರು ಪಾಲು ಮಡಿಚೋಕೆ ಬಿಡಬೇಡಿ, 7, 9 ಅಂತ ಹೆಚ್ಚುಕಡಿಮೆ ಆಗಿ ಮುಂದಿನ ಲೆಕ್ಕವೇ ಕೆಡುತ್ತೆ. ಮೂರನೇದಕ್ಕೆ 4 ಸೆಂ.ಮೀ.ಗೊಂದು ಗೆರೆ, ಆರು ಪಾಲು. ನಾಲ್ಕನೇದು ಇಡೀ ಒಂದು, ಗೆರೆ ಬೇಡ. ಈಗ ಅರ್ಧ, ಮೂರನೇ ಒಂದು ಕತ್ತರಿಸಿ ಉದ್ದಕ್ಕೆ ಜೋಡಿಸಿ ಆರು ಪಾಲಿನ ಪಟ್ಟಿ ಮೇಲಿಟ್ರೆ ಐದನೇ ಗೆರೆಗೆ ಸರಿಯಾಗಿ ಕೂರುತ್ತೆ. 5/6. 2/5 ಅಂದೋರಿಗೆ ಒಂದೇ ಪ್ರಶ್ನೆ ಕೇಳಿ: 2/5 ಅರ್ಧಕ್ಕಿಂತ ಕಡಿಮೆ, ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಕಡಿಮೆ ಆಗೋದು ಹೆಂಗೆ?
ಆಮೇಲೆ ಅಂಗಳದಲ್ಲಿ ಸುಣ್ಣದ ಗೆರೆ: 0ಯಿಂದ 1ಕ್ಕೆ 120 ಸೆಂ.ಮೀ., 2ಕ್ಕೆ 240. 3/2ರ ಮೇಲೆ ನಿಲ್ಲು ಅಂದ್ರೆ 180ರಲ್ಲಿ ನಿಲ್ಲಬೇಕು. ಕೊನೆಗೆ ಪಟ್ಟಿ ಮುಟ್ಟದೆ, ಉತ್ತರ ಹೆಂಗೆ ಬಂತು ಅಂತ ಪಕ್ಕದವರಿಗೆ ಎರಡು ವಾಕ್ಯದಲ್ಲಿ ಹೇಳಬೇಕು. ಬರೆಯೋದು ಆಮೇಲೆ.
ಕೈ, ಕಣ್ಣು, ಕಾಲು, ಬಾಯಿ ಎಲ್ಲಾ ಬಂತು ನೋಡಿ. ಆದ್ರೆ ಎಲ್ಲಾ ಮಕ್ಕಳೂ ಎಲ್ಲಾದನ್ನೂ ಮಾಡಬೇಕು. ಇವನು ಕೈಯ ಹುಡುಗ, ಅವಳು ಬಾಯಿಯ ಹುಡುಗಿ ಅಂತ ಹಂಚಿದ್ರೆ ಕೈಯ ಹುಡುಗ ಬರೆಯೋದನ್ನ ಕಲಿಯೋದೇ ಇಲ್ಲ.

ಕುಷ್ಟಗಿ ಸರ್: ಇದಕ್ಕ ಒಂದು ಮಾತು ಸೇರಿಸ್ತೀನಿ. ಬ್ರೆಜಿಲ್‌ನ ರೆಸಿಫೆ ಊರೊಳಗ ಸಂತಿಯಲ್ಲಿ ಮಾರೋ 5 ಮಕ್ಕಳನ್ನ ಕ್ಯಾರಹರ್ ಅನ್ನೋ ಸಂಶೋಧಕರು ಮತ್ತೆ ಜೊತೆಗಾರರು ಪರೀಕ್ಷಿಸಿ 1985ರಾಗ ಪ್ರಕಟಿಸಿದ್ರು. ವ್ಯಾಪಾರದಾಗ 98.2% ಸರಿ. ಅವೇ ಲೆಕ್ಕ ಹಾಳಿ ಮ್ಯಾಲೆ ಕೊಟ್ಟಾಗ 36.8%. 35ಕ್ಕೊಂದು ತೆಂಗಿನಕಾಯಿ, ನಾಲ್ಕಕ್ಕ ಎಷ್ಟು ಅಂದ್ರ 12 ವರ್ಷದ ಹುಡುಗ "ಮೂರಕ್ಕ 105, ಮ್ಯಾಲೆ 30, 135... 140" ಅಂದ. ಹಾಳಿ ಮ್ಯಾಲೆ 35 × 4 = 200 ಬರದ. ನಾಕೈದ್ಲೆ ಇಪ್ಪತ್ತು, ದಶಕ 2. ಆ ಎರಡನ್ನ 3ಕ್ಕ ಮೊದಲೇ ಕೂಡಿಸಿ 5 ಮಾಡಿ, ಆಮ್ಯಾಲೆ ನಾಕರಿಂದ ಗುಣಿಸಿಬಿಟ್ಟ.
ಈ ತಪ್ಪು ನಮ್ಮ ತರಗತಿಯಾಗೂ ದಿನಾ ಬರ್ತೈತಿ. ಸಂತಿ ಮಕ್ಕಳು ದಡ್ಡರು ಅಂತ ಬರದುಬಿಡ್ತೀವಿ. ಅವನ ಬಾಯಿಲೆಕ್ಕನ ಬೋರ್ಡ್ ಮ್ಯಾಲೆ ಬರಸ್ರಿ: 30 × 4 = 120, 5 × 4 = 20, ಕೂಡಿದ್ರ 140. ಅದರ ಬಾಜೂಕ ಉದ್ದ ಗುಣಾಕಾರ ಹಾಕಿ, ದಶಕದ 2 ಎಲ್ಲಿಂದ ಬಂತು ಅಂತ ಅವನಿಂದಲೇ ಹೇಳಸ್ರಿ.

ಸಿಂಧನೂರು ಮೇಡಂ: ಆಯ್ತು, ಬೆರಳಚ್ಚು ಬ್ಯಾಡ ಅಂತ ಹೇಳ್ತೀನಿ. ಮಕ್ಕಳ ಆಸಕ್ತಿ ಗುರುತಿಸಬಾರದು ಅನ್ನೋದನ್ನ ಮಾತ್ರ ನಾ ಒಪ್ಪಂಗಿಲ್ಲ.

ಮಾನ್ವಿ ಮೇಡಂ: ಗುರುತಿಸ್ರಿ, ಯಾರು ಬ್ಯಾಡ ಅಂದ್ರು? ಹಾಡೋ ಹುಡುಗಿಗೆ ಹಾಡಾಕ ಜಾಗ ಕೊಡ್ರಿ. ಹಣೆಪಟ್ಟಿ ಹಚ್ಚಿ ಗಣಿತದಿಂದ ಬಿಡುಗಡೆ ಕೊಡಬ್ಯಾಡ್ರಿ. ಪಾಲಕರಿಗೆ ಈ ವಾರ ಏನು ಬಂತು, ಏನು ಇನ್ನೂ ಬಂದಿಲ್ಲ ಅಂತ ಕೆಲಸದ ಹಾಳಿ ತೋರಿಸ್ರಿ. ಆ ಬೆರಳಚ್ಚಿನ ವರದಿಕಿಂತ ಅದರಾಗ ಹೆಚ್ಚು ಗೊತ್ತಾಗ್ತದ.

ಸಿಂಧನೂರು ಮೇಡಂ: ಸಿರುಗುಪ್ಪ ಸರ್, 24ರಾಗ ಐದನೇ ಒಂದು ಬರಂಗಿಲ್ಲಲ್ಲ. 4.8 ಸೆಂ.ಮೀ. ಅಳೀತಾವೇನು ಹುಡುಗ್ರು?

ಸಿರುಗುಪ್ಪ ಸರ್: ಅಳೆಯಲ್ಲ. ಐದು, ಹತ್ತು ಬರೋ ದಿನ 30 ಸೆಂ.ಮೀ. ಪಟ್ಟಿ ಮಾಡಿ. ಎ4 ಸ್ವಲ್ಪ ಸಾಲಲ್ಲ, 29.7 ಇರೋದು. ಹಳೇ ದಿನಪತ್ರಿಕೆ ಕತ್ತರಿಸಿ. 24ರ ಪಟ್ಟಿ, 30ರ ಪಟ್ಟಿ ಒಂದೇ ದಿನ ಮಕ್ಕಳ ಕೈಗೆ ಕೊಡಬೇಡಿ, ಎರಡರ ಅರ್ಧನೂ ಒಂದೇ ಅಂತ ಹೋಲಿಸೋಕೆ ಹೋಗ್ತಾರೆ.