ಸಹಾಯ ಬೇಕು: ತಿಂಗಳುಗಟ್ಟಲೆ ನಿಲ್ಲುವ ಸ್ಪೋರ್ಟ್ಸ್ ಕಾರಿಗೆ ಯಾವ ಬ್ಯಾಟರಿ?

ಎಲ್ಲರಿಗೂ ನಮಸ್ಕಾರ. ನನ್ನ ಸ್ಪೋರ್ಟ್ಸ್ ಕಾರು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ರಸ್ತೆಗಿಳಿಯುತ್ತದೆ. ಉಳಿದ ಸಮಯ ಕವರ್ ಹಾಕಿಕೊಂಡು ಶೆಡ್‌ನಲ್ಲೇ ನಿಂತಿರುತ್ತದೆ. ಬ್ಯಾಟರಿಗೆ ವಯಸ್ಸಾಗಿದೆ. ಫುಲ್ ಚಾರ್ಜ್ ಮಾಡಿ ಒಂದು ದಿನ ಬಿಟ್ಟು ಮೀಟರ್ ಹಿಡಿದರೆ 12.1 ವೋಲ್ಟ್ ಅಷ್ಟೇ. ಒಳ್ಳೆ ಬ್ಯಾಟರಿ 12.6ರ ಮೇಲೆ ನಿಲ್ಲಬೇಕು ಅಲ್ವಾ? ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡ್ ದೀಪಗಳು ಮಂಕಾಗಿ ಟಿಕ್ ಟಿಕ್ ಸದ್ದು ಬರುತ್ತದೆ, ಸ್ಟಾರ್ಟರ್ ತಿರುಗುವುದೇ ಇಲ್ಲ.

ಕಾರು ಲಾಕ್ ಆಗಿರುವಾಗ ಅಲಾರ್ಮ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲ ಸೇರಿ 30 ಮಿಲಿಆಂಪ್ ಎಳೆಯುತ್ತವೆ. ಅದೇನೂ ಅಸಹಜ ಅಲ್ಲ. ಆದರೂ ತಿಂಗಳಿಗೆ ಸುಮಾರು 22 ಆಂಪ್-ಅವರ್ (ಬ್ಯಾಟರಿಯ ಚಾರ್ಜ್ ಅಳೆಯುವ ಲೆಕ್ಕ) ಖಾಲಿ! ಲೆಡ್ ಬ್ಯಾಟರಿ ಹೀಗೆ ಅರೆ ಹೊಟ್ಟೆಯಲ್ಲಿ ಕೂತರೆ ಪ್ಲೇಟಿಗೆ ಸಲ್ಫೇಟ್ ಕಟ್ಟಿಕೊಂಡು ಹಾಳಾಗುತ್ತದೆ.

ಈಗ ಎಜಿಎಂ (ಆಸಿಡ್ ಅನ್ನು ಗಾಜಿನ ನಾರಿನ ಪದರ ಹೀರಿಕೊಂಡಿರುವ ಲೆಡ್ ಬ್ಯಾಟರಿ) ತಗೊಳ್ಳಲೋ, ಲಿಥಿಯಂ ಐರನ್ ಫಾಸ್ಫೇಟ್ ತಗೊಳ್ಳಲೋ ಅನ್ನೋದು ಪ್ರಶ್ನೆ. ಲಿಥಿಯಂ ತುಂಬಾ ಹಗುರ, ತಾನಾಗಿ ಖಾಲಿಯಾಗುವುದೂ ಕಡಿಮೆ. ಆ ತೂಕ ಇಳಿಕೆ ನನಗೆ ನಿಜಕ್ಕೂ ಆಸೆ ಹುಟ್ಟಿಸಿದೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ನನ್ನ ಚಾರ್ಜರ್‌ನಲ್ಲಿರುವ, ಪ್ಲೇಟಿನ ಸಲ್ಫೇಟ್ ಬಿಡಿಸುವ ಡಿಸಲ್ಫೇಷನ್ ಮೋಡ್ ಕೂಡ ಅದಕ್ಕೆ ಆಗಿಬರಲ್ಲ, ಹೊಸ ಚಾರ್ಜರ್ ಬೇಕಾಗುತ್ತದೆ. ಸದ್ಯಕ್ಕೆ ಮನಸ್ಸು ಎಜಿಎಂ ಕಡೆಗೇ ವಾಲಿದೆ.

ನಿಂತೇ ಇರುವ ಕಾರಿಗೆ ಲಿಥಿಯಂ ಹಾಕಿದವರು ಯಾರಾದರೂ ಇದ್ದೀರಾ? ಎಷ್ಟು ಆಂಪ್-ಅವರ್‌ದು ಹಾಕಿದಿರಿ? ಇನ್ನೊಂದು ವಿಷಯ. ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ ಅಂತಾರೆ. ನನ್ನ ಕಾರಿನಲ್ಲಿ ಬ್ಯಾಟರಿ ಇರೋದು ಡಿಕ್ಕಿಯಲ್ಲಿ, ಡಿಕ್ಕಿ ತೆರೆಯೋದು ಕರೆಂಟ್‌ನಿಂದ. ಬಿಚ್ಚಿ ಮುಚ್ಚಿದರೆ ಮತ್ತೆ ತೆರೆಯೋದು ಹೇಗೆ? ಮೇಂಟೇನರ್ (ಬ್ಯಾಟರಿ ಸದಾ ತುಂಬಿರುವಂತೆ ನೋಡಿಕೊಳ್ಳುವ ಚಾರ್ಜರ್) ಸದಾ ಹಾಕಿಯೇ ಇಡೋದು ಸರಿಯಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.