ಆಪರೇಷನ್ ವೇಳೆ ಬಿಪಿ ‘ಇಳಿಯುತ್ತಾ’, ‘ಕುಸಿಯುತ್ತಾ’, ‘ಸಾಲದಾಗುತ್ತಾ’?

ಗೆಳೆಯರೇ,

ಆಪರೇಷನ್‌ಗೆ ಮುಂಚೆ ರೋಗಿಗಳ ಕೈಗೆ ಕೊಡಲು ಒಂದು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ಓದುವವರು ದಾವಣಗೆರೆ, ಜಗಳೂರು, ಹರಿಹರ ಕಡೆಯವರು. ಅರಿವಳಿಕೆ ಕೊಟ್ಟಾಗ ರಕ್ತದೊತ್ತಡ ಕಡಿಮೆಯಾಗುತ್ತದಲ್ಲ, ಅದಕ್ಕೆ ಯಾವ ಪದ ಹಾಕಲಿ?

ನಮ್ಮ ಕಡೆ ‘ನಂಗೆ ಬಿಪಿ ಐತೆ’ ಅಂದರೆ ಬಿಪಿ ಜಾಸ್ತಿ ಅಂತಲೇ ಅರ್ಥ. ವರ್ಷಗಟ್ಟಲೆ ಮಾತ್ರೆ ನುಂಗಿದವರಿಗೆ ‘ಬಿಪಿ ಇಳಿಯಬಹುದು’ ಎಂದರೆ ‘ಒಳ್ಳೇದೇ ಆತಲ್ಲ’ ಅನ್ನುತ್ತಾರೆ. ‘ಕುಸಿತ’ ಬೇಡ. ಪೇಪರಿನಲ್ಲಿ ‘ಕುಸಿದು ಬಿದ್ದು ಸಾವು’ ಓದಿದವರು ಹೆದರುತ್ತಾರೆ. ‘ರಕ್ತ ಕಡಿಮೆ’ ಅಂದರಂತೂ ರಕ್ತಹೀನತೆ, ಅದು ಬೇರೆಯೇ ತೊಂದರೆ.

ಒಳಗೆ ನಡೆಯುವುದು ಹೀಗೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ಸೊಂಟದ ಕೆಳಗೆ ಜೋಮು ಹಿಡಿಯುತ್ತದೆ. ಅದರ ಜೊತೆಗೆ ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳೂ ಸುಮ್ಮನಾಗುತ್ತವೆ. ನಾಳ ಸಡಿಲವಾಗಿ ರಕ್ತ ಕಾಲಿನ ಕಡೆ ನಿಲ್ಲುತ್ತದೆ, ಹೃದಯಕ್ಕೆ ವಾಪಸ್ ಬರುವುದು ಕಡಿಮೆಯಾಗುತ್ತದೆ. ಒಂದು ಹನಿ ರಕ್ತ ಹೋಗದಿದ್ದರೂ ಬಿಪಿ ಇಳಿಯುತ್ತದೆ. ರೋಗಿಗೆ ಮೊದಲು ಗೊತ್ತಾಗುವುದು ವಾಕರಿಕೆ, ತಲೆಸುತ್ತು.

ಎಷ್ಟಕ್ಕೆ ಬಂದರೆ ಕಡಿಮೆ? ಎಲ್ಲರಿಗೂ ಒಂದೇ ಅಂಕಿ ಇಲ್ಲ. ಸರಾಸರಿ ಒತ್ತಡ (ಮೇಲಿನ, ಕೆಳಗಿನ ಬಿಪಿ ಎರಡನ್ನೂ ಸೇರಿಸಿ ಲೆಕ್ಕ ಹಾಕುವುದು) 65ಕ್ಕಿಂತ ಕೆಳಗೆ ಹೋದರೆ, ಇಲ್ಲವೇ ಮೇಲಿನ ಬಿಪಿ ಮಾಮೂಲಿಗಿಂತ ನೂರಕ್ಕೆ 20ರಷ್ಟು ಇಳಿದರೆ, ಡಾಕ್ಟರುಗಳು ಸಾಮಾನ್ಯವಾಗಿ ಎಚ್ಚರಾಗುತ್ತಾರೆ. ಮೇಲಿನ ಬಿಪಿ ದಿನವೂ 160 ಇರುವವರಿಗೆ 120 ಸಾಲದೆ ಹೋಗಬಹುದು. 110 ಇರುವವರಿಗೆ 100 ಸಾಕು. ಮಿದುಳಿಗೆ, ಮೂತ್ರಪಿಂಡಕ್ಕೆ ರಕ್ತ ಮುಟ್ಟುತ್ತಿದೆಯೇ ಅನ್ನುವುದೇ ಲೆಕ್ಕ. ಅದಕ್ಕೇ ನನ್ನ ಮನಸ್ಸು ‘ಬಿಪಿ ಸಾಲದಾಗುವುದು’ ಕಡೆ ವಾಲಿದೆ. ‘ಈ ಸಲ ಮಳೆ ಸಾಲ್ಲಿಲ್ಲ’ ಅನ್ನುವ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಇನ್ನೊಂದು ತೊಡಕು ‘ಗ್ಲೂಕೋಸ್’. ನಮ್ಮಲ್ಲಿ ಸ್ಟ್ಯಾಂಡಿಗೆ ನೇತುಹಾಕಿದ ಬಾಟಲಿ ಎಲ್ಲವೂ ಗ್ಲೂಕೋಸೇ. ಬಿಪಿಗಾಗಿ ಹಾಕುವುದು ಸಾಮಾನ್ಯವಾಗಿ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್, ಎರಡೂ ಸಕ್ಕರೆಯಿಲ್ಲದ ಉಪ್ಪಿನಂಶದ ನೀರು. ಶುಗರ್ ಇರುವವರು ಹೆಸರು ಕೇಳಿಯೇ ಗಾಬರಿಯಾಗುತ್ತಾರೆ. ‘ನರಕ್ಕೆ ಹಾಕುವ ಉಪ್ಪುನೀರು’ ಅನ್ನೋಣವೆಂದರೆ ಬಿಪಿ ಇದ್ದವರಿಗೆ ಉಪ್ಪು ಎಂದರೇ ಭಯ. ಸುಮ್ನೆ ‘ಡ್ರಿಪ್’ ಅಂತ ಬಿಡುವುದೇ ಮೇಲು ಅನಿಸುತ್ತದೆ.

ಡ್ರಿಪ್ ಒಂದರಿಂದಲೇ ಆಗದಿದ್ದಾಗ ಫಿನೈಲೆಫ್ರಿನ್, ಮೆಫೆಂಟರ್ಮಿನ್‌ನಂಥ ಔಷಧಿ ಕೊಟ್ಟು ಬಿಪಿ ಸರಿಮಾಡುತ್ತಾರೆ. ಸಿಸೇರಿಯನ್‌ನಲ್ಲಿ ಗರ್ಭದ ಭಾರ ದೊಡ್ಡ ರಕ್ತನಾಳಗಳನ್ನು ಅದುಮದಂತೆ ತಾಯಿಯನ್ನು ಸ್ವಲ್ಪ ಎಡಕ್ಕೆ ವಾಲಿಸುತ್ತಾರೆ. ಈ ಔಷಧಿಗಳನ್ನು ‘ಬಿಪಿ ಏರಿಸುವ ಔಷಧಿ’ ಎಂದು ಬರೆಯಲು ನನಗೆ ಇಷ್ಟವಿಲ್ಲ. ಬಿಪಿ ಇದ್ದವರ ಎದೆ ಝಲ್ ಅನ್ನುತ್ತದೆ. ‘ಬಿಪಿ ಹಿಡಿದು ನಿಲ್ಲಿಸುವ ಔಷಧಿ’ ಆದೀತೇ?

ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರು ಇದ್ದರೆ ತಿಳಿಸಿ. ಅಲ್ಲಿನ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಇದನ್ನೆಲ್ಲ ರೋಗಿಗೆ ಹೇಗೆ ಹೇಳುತ್ತಾರೆ? ಬಾಯಲ್ಲಿ ಬರುವ ಹಾಗೇ ಬರೆದು ಕಳಿಸಿ.